ಹಿಮದ ಮೇಲೆ ಬಿದ್ದ ಊರುಗೋಲು

ಆ ಚಿತ್ರ ನನ್ನ ಮಂಚದ ಎದುರಿಗೆ ಮೂರು ವಾರ ಇತ್ತು. ಅದರೊಳಗೆ ಒಬ್ಬ ಮನುಷ್ಯ ಇದ್ದಾನೆ ಅನ್ನೋದು ಆ ಮೂರು ವಾರವೂ ನನಗೆ ಗೊತ್ತಾಗಲಿಲ್ಲ.

ಮೆಟ್ಟಿಲಿನಿಂದ ಜಾರಿ ಬಿದ್ದು ಬಲಗಾಲು ಮುರಿದುಕೊಂಡಿದ್ದ ಕಾಲ ಅದು. ಆಪರೇಷನ್ ಆಗಿತ್ತು. ಮೂಳೆಯೊಳಗೆ ರಾಡ್ ಕೂರಿಸಿದ್ದರು. ಎರಡು ತಿಂಗಳು ಆ ಕಾಲಿನ ಮೇಲೆ ಒಂದಿಷ್ಟೂ ಭಾರ ಬಿಡಬಾರದು ಅಂತ ಹೇಳಿ, ಕೈಗೆ ಎರಡು ಊರುಗೋಲು ಕೊಟ್ಟು ಮನೆಗೆ ಕಳಿಸಿದ್ದರು. ನೋಡಲು ಬಂದ ಗೆಳತಿಯೊಬ್ಬಳು ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ತಂದಿದ್ದಳು. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋದಾಗ ತಗೊಂಡಿದ್ದಂತೆ. "ಮಲಗಿದ್ದಲ್ಲೇ ಎಲ್ಲಿಗಾದರೂ ಹೋಗಿ ಬಂದ ಹಾಗಾಗುತ್ತೆ, ಇಟ್ಕೋ" ಅಂದಳು. ಅವಳೇ ಅದನ್ನು ಕಪಾಟಿನ ಅಂಚಿಗೆ ಒರಗಿಸಿಟ್ಟು ಹೋದಳು.

ನನಗೆ ಕಂಡಿದ್ದು ಇಷ್ಟು. ನೆಲದ ತುಂಬಾ ಹಿಮ. ಕಡುಹಸಿರು ಫರ್ ಮರಗಳ ಒಂದು ಗುಂಪು. ಮರಗಳ ಮುಂದೆ ಒಂದು ಶಿಲುಬೆ. ಹಿಂದೆ, ತುಂಬಾ ದೂರದಲ್ಲಿ, ಮಂಜಿನೊಳಗೆ ಅರ್ಧ ಮುಳುಗಿದ ಚೂಪು ಗೋಪುರಗಳ ಚರ್ಚು. ಚೆನ್ನಾಗಿದೆ ಅನ್ನಿಸಿತು. ಅಷ್ಟೇ. ಆ ದಿನಗಳಲ್ಲಿ ಯಾವುದನ್ನೂ ಅದಕ್ಕಿಂತ ಜಾಸ್ತಿ ನೋಡುವ ಮನಸ್ಸೇ ಇರಲಿಲ್ಲ.

ಒಂದು ರಾತ್ರಿ ನೋವು ಹೆಚ್ಚಾಗಿ ನಿದ್ದೆ ಹತ್ತಲಿಲ್ಲ. ಏನಾದರೂ ನೋಡಬೇಕಲ್ಲ ಅಂತ ಕಾರ್ಡನ್ನು ಕೈಗೆತ್ತಿಕೊಂಡು ದೀಪದ ಹತ್ತಿರ ಹಿಡಿದೆ. ಮರಗಳ ಕೆಳಗೆ ಹಿಮದಲ್ಲಿ ಒಂದು ಬಂಡೆ ಇದೆ. ಆ ಬಂಡೆಯದೇ ಒಂದು ಮೂಲೆ ಅಂತ ಇಷ್ಟು ದಿನ ಅಂದುಕೊಂಡಿದ್ದೆನಲ್ಲ, ಅದು ಬಂಡೆ ಅಲ್ಲ. ಒಬ್ಬ ಮನುಷ್ಯ. ಬಂಡೆಗೆ ಬೆನ್ನು ಕೊಟ್ಟು ಹಿಮದ ಮೇಲೆ ಕುಳಿತಿದ್ದಾನೆ. ಎರಡೂ ಕೈ ಎತ್ತಿ ಜೋಡಿಸಿದ್ದಾನೆ. ಮುಖ ಶಿಲುಬೆಯ ಕಡೆಗಿದೆ.

ಆಮೇಲೆ ಕಂಡಿದ್ದು ಊರುಗೋಲು. ಹಿಮದ ಮೇಲೆ ಬಿದ್ದಿದೆ. ಒಂದು ಅಲ್ಲಿ, ಒಂದು ಇಲ್ಲಿ.

ಎದ್ದು ಕುಳಿತುಬಿಟ್ಟೆ. ನನ್ನ ಊರುಗೋಲು ಎರಡೂ ಮಂಚಕ್ಕೆ ಒರಗಿಕೊಂಡು ಕೈಗೆ ಎಟುಕುವ ಹಾಗೆ ನಿಂತಿದ್ದವು. ಅವನದು ಹಾಗಿರಲಿಲ್ಲ.

ಊರುಗೋಲು ಹಿಡಿದು ನಡೆದವರಿಗೆ ಒಂದು ವಿಷಯ ಗೊತ್ತಿರುತ್ತದೆ. ನಡೆಯೋದನ್ನು ನಾಲ್ಕು ದಿನದಲ್ಲಿ ಕಲಿಯಬಹುದು. ಕಷ್ಟ ಇರೋದು ಕೂರುವಾಗ. ಕೂರಬೇಕಾದರೆ ಮೊದಲು ಕುರ್ಚಿಗೆ ಬೆನ್ನು ಮಾಡಿ ನಿಲ್ಲಬೇಕು. ಎರಡೂ ಕೋಲನ್ನು ಒಂದೇ ಕೈಗೆ ತಗೋಬೇಕು. ಇನ್ನೊಂದು ಕೈಯಲ್ಲಿ ಕುರ್ಚಿಯನ್ನು ಹುಡುಕಬೇಕು. ಮುರಿದ ಕಾಲನ್ನು ಮುಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು ಇಳಿಯಬೇಕು. ಕೂತ ಮೇಲೆ ಕೋಲನ್ನು ಎಲ್ಲಿಡೋದು ಅನ್ನೋದೇ ದೊಡ್ಡ ಪ್ರಶ್ನೆ. ಗೋಡೆಗೆ ಒರಗಿಸಿದರೆ ಜಾರುತ್ತದೆ. ನೆಲದ ಮೇಲಿಟ್ಟರೆ ಬಗ್ಗಿ ಎತ್ತಿಕೊಳ್ಳಲು ಆಗೋದಿಲ್ಲ. ಒಂದು ಸಲ ನನ್ನ ಎರಡೂ ಕೋಲು ಟಪ್ ಅಂತ ಬಿದ್ದು ಆಚೆಗೆ ಜಾರಿಹೋದವು. ಮನೆಯಲ್ಲಿ ಯಾರೂ ಇರಲಿಲ್ಲ. ಬರೀ ನಾಲ್ಕು ಅಡಿ ದೂರ. ನಾಲ್ಕು ಅಡಿ ಅಂದರೆ ಎಷ್ಟು ಅಂತ ಅವತ್ತು ಗೊತ್ತಾಯಿತು. ಸುಮಾರು ಒಂದು ಗಂಟೆ ಹಾಗೇ ಕುಳಿತಿದ್ದೆ. ಆಮೇಲೆ ನೆಲಕ್ಕಿಳಿದು, ಕುಂಡೆಯ ಮೇಲೆ ತೆವಳಿಕೊಂಡು ಹೋಗಿ ಹಿಡಿದುಕೊಂಡೆ. ಅವತ್ತಿನಿಂದ ಕೋಲು ಯಾವಾಗಲೂ ಕೈಯಳತೆಯಲ್ಲೇ.

ಅಂದರೆ ಚಿತ್ರದಲ್ಲಿರುವ ಆ ಮನುಷ್ಯ ಕೋಲುಗಳನ್ನು ಪಕ್ಕಕ್ಕೆ ಇಟ್ಟಿದ್ದಲ್ಲ. ಮತ್ತೆ ಎದ್ದು ನಡೆಯಬೇಕು ಅಂತ ಇರುವವನು ಹಾಗೆ ಬಿಡೋದಿಲ್ಲ. ಅವನಿಗೆ ಇನ್ನು ಅವು ಬೇಡ. ಯಾಕೆ ಬೇಡ? ಕಾಲು ವಾಸಿಯಾಯಿತಾ? ಇಲ್ಲಾ ಇನ್ನು ಎದ್ದು ಎಲ್ಲಿಗೂ ಹೋಗುವುದಿಲ್ಲ ಅಂತ ಅವನಿಗೆ ತಿಳಿದುಬಿಟ್ಟಿತಾ?

ಆ ರಾತ್ರಿಯ ಈ ಪ್ರಶ್ನೆ ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ.

ಚಿತ್ರ ಬರೆದವನು ಕಾಸ್ಪರ್ ಡೇವಿಡ್ ಫ್ರೀಡ್ರಿಕ್. ಜರ್ಮನಿಯ ಚಿತ್ರಕಾರ. ಬರೆದದ್ದು 1811ರ ಸುಮಾರಿಗೆ. ಹೆಸರು ತುಂಬಾ ಸರಳ: 'ಚಳಿಗಾಲದ ನೋಟ'. ಅಳತೆ 32.5 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲ. ದಿನಪತ್ರಿಕೆಯ ಒಂದು ಪುಟಕ್ಕಿಂತ ಸ್ವಲ್ಪ ಚಿಕ್ಕದು. ನ್ಯಾಷನಲ್ ಗ್ಯಾಲರಿ ಇದನ್ನು ಕೊಂಡದ್ದು 1987ರಲ್ಲಿ. ಇದೇ ನೋಟದ ಇನ್ನೊಂದು ಚಿತ್ರ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿದೆ.

ಆದರೆ ನನ್ನನ್ನು ಅಲುಗಾಡಿಸಿದ್ದು ಡಾರ್ಟ್‌ಮುಂಡ್‌ನ ಚಿತ್ರ ಅಲ್ಲ, ಶ್ವೇರಿನ್ ಅನ್ನುವ ಊರಿನ ಮ್ಯೂಸಿಯಂನಲ್ಲಿರುವ ಮತ್ತೊಂದು. ಅದೂ 1811ರದ್ದೇ. ಅದರ ಹೆಸರೂ 'ಚಳಿಗಾಲದ ನೋಟ'. ಗಾತ್ರವೂ ಹೆಚ್ಚುಕಮ್ಮಿ ಇಷ್ಟೇ. ಅದರಲ್ಲಿ ಶಿಲುಬೆ ಇಲ್ಲ. ಚರ್ಚು ಇಲ್ಲ. ಹಸಿರು ಅನ್ನೋದೇ ಇಲ್ಲ. ಬೋಳು ಓಕ್ ಮರಗಳು, ಕಡಿದು ಉಳಿದ ಮೊಂಡು ಬುಡಗಳು, ಕಣ್ಣು ಹೋದಷ್ಟು ದೂರ ಹಿಮ. ಅದರ ನಡುವೆ ಊರುಗೋಲಿನ ಮೇಲೆ ಬಾಗಿ ನಿಂತ ಒಬ್ಬ ಸಣ್ಣ ಮನುಷ್ಯ. ಎದುರಿಗಿರುವ ಖಾಲಿಯನ್ನು ನೋಡುತ್ತಿದ್ದಾನೆ.

ಇವೆರಡೂ ಜೋಡಿ ಚಿತ್ರಗಳು ಅನ್ನುತ್ತಾರೆ. ಮೊದಲು ಅದು, ಆಮೇಲೆ ಇದು. ಹಾಗೆ ಓದಿದರೆ ಒಂದು ಕಥೆ ಸಿಗುತ್ತದೆ. ಮೊದಲನೆಯದರಲ್ಲಿ ಇವನಿಗೆ ದಿಕ್ಕೇ ಇಲ್ಲ. ಎರಡನೆಯದರಲ್ಲಿ ನಡೆದೂ ನಡೆದೂ ಒಂದು ದಾರಿಬದಿಯ ಶಿಲುಬೆ ಸಿಕ್ಕಿದೆ. ಎರಡು ಚಿತ್ರಗಳ ನಡುವೆ ಅವನು ಎಷ್ಟು ದೂರ ಬಂದ, ಎಷ್ಟು ಹೊತ್ತು ಬಂದ, ಎಷ್ಟು ಸಲ ಬಿದ್ದ ಅನ್ನೋದನ್ನು ಫ್ರೀಡ್ರಿಕ್ ಬರೆದಿಲ್ಲ. ಊರುಗೋಲಿನಲ್ಲಿ ಹಿಮದ ಮೇಲೆ ನಡೆಯೋದು ಅಂದರೆ ಏನು ಅಂತ ನಾನು ಊಹಿಸಲು ನೋಡುತ್ತೇನೆ. ಒದ್ದೆ ನೆಲದ ಮೇಲೇ ನನ್ನ ಕೋಲು ಜಾರುತ್ತಿತ್ತು. ಹಿಮದಲ್ಲಿ ಕೋಲಿನ ತುದಿ ಹೂತುಹೋಗುತ್ತದೆ. ಪ್ರತಿ ಹೆಜ್ಜೆಗೂ ಕಿತ್ತು ತೆಗೆಯಬೇಕು. ಅಂಗೈ ಬೊಬ್ಬೆ ಏಳುತ್ತದೆ, ಕಂಕುಳು ಉರಿಯುತ್ತದೆ. ಶ್ವೇರಿನ್‌ನ ಆ ಮನುಷ್ಯನ ಬಾಗಿದ ಬೆನ್ನಿನಲ್ಲಿ ಇದೆಲ್ಲ ನನಗೆ ಕಾಣುತ್ತದೆ.

ಇಲ್ಲಿ ದಾರಿಬದಿಯ ಶಿಲುಬೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಯುರೋಪಿನ ಕ್ಯಾಥಲಿಕ್ ಸೀಮೆಗಳಲ್ಲಿ, ಅಂದರೆ ಬವೇರಿಯಾ, ಆಸ್ಟ್ರಿಯಾ, ಬೊಹೀಮಿಯಾ ಕಡೆ, ಇವು ಹೊಲದ ಅಂಚಿಗೆ, ದಾರಿ ಕವಲೊಡೆಯುವ ಕಡೆ, ಬೆಟ್ಟ ಏರುವ ಕಡೆ ಇರುತ್ತವೆ. ಕೆಲವು ಬರೀ ಶಿಲುಬೆ. ಕೆಲವಕ್ಕೆ ಮಳೆ ತಾಗದ ಹಾಗೆ ಒಂದು ಪುಟ್ಟ ಮಾಡು. ಮಾರ್ಟರ್ಲ್ ಅಂತ ಕರೆಯುವ ಒಂದು ಬಗೆ ಇದೆ. ಅದನ್ನು ನೆಡೋದು ಯಾರಾದರೂ ಅಪಘಾತದಲ್ಲಿ ಸತ್ತ ಜಾಗದಲ್ಲಿ. ಮರ ಬಿದ್ದು ಸತ್ತವನು, ಹಿಮ ಕುಸಿದು ಸತ್ತವನು, ಹೊಳೆ ದಾಟುವಾಗ ಕೊಚ್ಚಿಹೋದವನು. ಸಾವು ಹೇಗಾಯಿತು ಅಂತ ಪುಟ್ಟ ಚಿತ್ರ ಬರೆದು, ಹಾದುಹೋಗುವವರು ಇವನಿಗಾಗಿ ಒಂದು ಪ್ರಾರ್ಥನೆ ಮಾಡಿ ಅಂತ ಕೆಳಗೆ ಬರೆದಿರುತ್ತಾರೆ.

ಇದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ದೊಡ್ಡ ಚರ್ಚನ್ನು ಕಟ್ಟೋದು ಜನ ಬರಲಿ ಅಂತ. ಅಲ್ಲಿಗೆ ಹೊರಟು ಹೋಗಬೇಕು. ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿಕೊಂಡು, ಸಮಯಕ್ಕೆ ಸರಿಯಾಗಿ ಹೋಗಬೇಕು. ದಾರಿಬದಿಯದು ಹಾಗಲ್ಲ. ಅದನ್ನು ನೋಡಲೆಂದೇ ಯಾರೂ ಹೊರಡೋದಿಲ್ಲ. ಎಲ್ಲಿಗೋ ಹೋಗುವವರಿಗೆ ಅದು ಸಿಗುತ್ತದೆ. ಅದಕ್ಕೆ ಬಾಗಿಲಿಲ್ಲ, ಬೀಗ ಇಲ್ಲ, ಹೊತ್ತು ಗೊತ್ತಿಲ್ಲ. ಸುಸ್ತಾದವನು ಎಲ್ಲಿ ನಿಲ್ಲುತ್ತಾನೋ ಅಲ್ಲಿ ಅದು ಮೊದಲೇ ನಿಂತಿರುತ್ತದೆ.

ಫ್ರೀಡ್ರಿಕ್ ಕ್ಯಾಥಲಿಕ್ ಅಲ್ಲ. ಅವನು ಹುಟ್ಟಿದ್ದು 1774ರಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಗ್ರೈಫ್ಸ್‌ವಾಲ್ಡ್‌ನಲ್ಲಿ. ಲುಥೆರನ್ ಮನೆತನ. ಅಪ್ಪ ಸೋಪು ಮತ್ತು ಮೇಣದಬತ್ತಿ ತಯಾರಿಸುತ್ತಿದ್ದ. 1798ರಲ್ಲಿ ಡ್ರೆಸ್ಡೆನ್‌ಗೆ ಬಂದು ಅಲ್ಲೇ ನೆಲೆಸಿದ. ಅಲ್ಲಿಂದ ಬೊಹೀಮಿಯಾದ ಬೆಟ್ಟಗಳು ದೂರವೇನಲ್ಲ. 1810ರ ಬೇಸಿಗೆಯಲ್ಲಿ ಗೆಳೆಯ ಕೆರ್ಸ್ಟಿಂಗ್ ಜೊತೆ ರೀಸೆನ್‌ಗೆಬಿರ್ಗೆ ಬೆಟ್ಟಸಾಲಿನಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದ. ಬೆಟ್ಟ, ಬಂಡೆ, ಫರ್ ಮರ, ಒಂಟಿ ಶಿಲುಬೆ ಇವೆಲ್ಲ ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಆ ತಿರುಗಾಟದ ನಂತರ ಬರೆದ ಒಂದು ದೊಡ್ಡ ಚಿತ್ರ ಈಗ ಬರ್ಲಿನ್‌ನಲ್ಲಿದೆ. ರೀಸೆನ್‌ಗೆಬಿರ್ಗೆಯಲ್ಲಿ ಬೆಳಗು. ಅಲೆ ಅಲೆಯಾಗಿ ಬೆಟ್ಟಗಳು. ಎಲ್ಲಕ್ಕಿಂತ ಎತ್ತರದ ಬಂಡೆಯ ಮೇಲೆ ಒಂದು ಶಿಲುಬೆ. ಬಿಳಿ ಉಡುಪಿನ ಹೆಂಗಸೊಬ್ಬಳು ಒಂದು ಕೈಯಲ್ಲಿ ಆ ಶಿಲುಬೆಯನ್ನು ಹಿಡಿದುಕೊಂಡು, ಇನ್ನೊಂದು ಕೈ ಚಾಚಿ, ಕೆಳಗಿರುವ ಗಂಡಸನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾಳೆ. ತುಂಬಾ ಸಣ್ಣ ಆಕೃತಿಗಳು. ಆದರೆ ಒಮ್ಮೆ ಕಂಡರೆ ಬೆಟ್ಟಗಳನ್ನೆಲ್ಲ ಬಿಟ್ಟು ಆ ಚಾಚಿದ ಕೈಯನ್ನೇ ನೋಡುತ್ತೀರಿ.

ಹಿಮದ ಚಿತ್ರದಲ್ಲಿ ಅಂಥ ಕೈ ಇಲ್ಲ. ಅವನ ಜೊತೆ ಯಾರೂ ಬಂದಿಲ್ಲ.

ದಾರಿಯಲ್ಲಿ, ಬೆಟ್ಟದಲ್ಲಿ ನಿಂತ ಶಿಲುಬೆಯನ್ನು ಬರೆದದ್ದಕ್ಕೆ ಫ್ರೀಡ್ರಿಕ್ ಬೈಸಿಕೊಂಡಿದ್ದೂ ಇದೆ. ಇದಕ್ಕೂ ಮೂರು ವರ್ಷ ಮೊದಲು, 1808ರಲ್ಲಿ, 'ಬೆಟ್ಟದ ಮೇಲಿನ ಶಿಲುಬೆ' ಅನ್ನುವ ಚಿತ್ರ ಮುಗಿಸಿದ್ದ. ಅದಕ್ಕೆ ಟೆಟ್ಷೆನ್ ಆಲ್ಟರ್ ಅಂತಲೂ ಹೆಸರು. ಈಗ ಡ್ರೆಸ್ಡೆನ್‌ನಲ್ಲಿದೆ. ಬಂಡೆಯ ಶಿಖರ, ಸುತ್ತ ಫರ್ ಮರಗಳು, ತುದಿಯಲ್ಲಿ ಒಂದು ಶಿಲುಬೆ, ಹಿಂದೆ ಮುಳುಗುವ ಸೂರ್ಯನ ಕಿರಣಗಳು. ಶಿಲುಬೆ ನಮ್ಮ ಕಡೆ ನೇರವಾಗಿ ಮುಖ ಮಾಡಿಲ್ಲ, ಬೆಳಕಿನ ಕಡೆ ತಿರುಗಿದೆ. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ತನ್ನ ಸ್ಟುಡಿಯೋದಲ್ಲೇ ಅದನ್ನು ಜನರಿಗೆ ತೋರಿಸಿದ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಕಿಟಕಿಯ ಬೆಳಕು ತಗ್ಗಿಸಿ, ಪೂಜಾವೇದಿಕೆಯ ಹಾಗೆ ಇಟ್ಟಿದ್ದ.

1809ರ ಶುರುವಿನಲ್ಲೇ ರಾಮ್‌ಡೋರ್ ಅನ್ನುವ ವಿಮರ್ಶಕ ಪತ್ರಿಕೆಯಲ್ಲಿ ಅದರ ಮೇಲೆ ಹರಿಹಾಯ್ದ. ನಿಸರ್ಗದ ಚಿತ್ರ ಕಳ್ಳಹೆಜ್ಜೆ ಇಟ್ಟು ಚರ್ಚಿನೊಳಗೆ ನುಸುಳಿ ವೇದಿಕೆಯ ಮೇಲೆ ಹತ್ತಿ ಕೂರಲು ನೋಡುತ್ತಿದೆ, ಇದು ಅಹಂಕಾರ ಅನ್ನುವ ಅರ್ಥದ ಮಾತು. ಗೆಳೆಯರು ಫ್ರೀಡ್ರಿಕ್‌ನ ಪರವಾಗಿ ಬರೆದರು. ತನ್ನ ಚಿತ್ರಗಳ ಅರ್ಥವನ್ನು ಸಾಮಾನ್ಯವಾಗಿ ಬಿಡಿಸಿ ಹೇಳದ ಫ್ರೀಡ್ರಿಕ್ ಆ ಒಂದು ಸಲ ತಾನೇ ಬಾಯಿ ಬಿಟ್ಟ. ಬಂಡೆಯ ಮೇಲೆ ಕದಲದೆ ನಿಂತ ಶಿಲುಬೆ ನಂಬಿಕೆಯ ಹಾಗೆ, ಎಲ್ಲ ಕಾಲದಲ್ಲೂ ಹಸಿರಾಗಿರುವ ಫರ್ ಮರಗಳು ಮನುಷ್ಯರ ಆಸೆಯ ಹಾಗೆ ಅಂದ.

ರಾಮ್‌ಡೋರ್‌ನ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಅವನು ದಿಕ್ಕನ್ನು ತಪ್ಪಾಗಿ ಓದಿದ ಅನ್ನಿಸುತ್ತದೆ. ಫ್ರೀಡ್ರಿಕ್ ಬೆಟ್ಟವನ್ನು ಚರ್ಚಿನೊಳಗೆ ತರಲಿಲ್ಲ. ಚರ್ಚಿನೊಳಗೆ ಇದ್ದದ್ದನ್ನು ಗಾಳಿ, ಮಳೆ, ಹಿಮ ಇರುವ ಕಡೆಗೆ, ದಾರಿಗೆ ತಂದ. ದಾರಿಯಲ್ಲಿ ಶಿಲುಬೆ ನೆಟ್ಟ ಹಳ್ಳಿಯ ಜನ ನೂರಾರು ವರ್ಷಗಳಿಂದ ಮಾಡಿಕೊಂಡು ಬಂದದ್ದೂ ಅದನ್ನೇ ಅಲ್ವಾ?

ಅವನ ಚಿತ್ರಗಳಲ್ಲಿ ಹಿಮ ಯಾಕೆ ಇಷ್ಟು ಅಂತ ಕೇಳುವವರೆಲ್ಲ ಕೊನೆಗೆ ಒಂದೇ ಕಡೆಗೆ ಬರುತ್ತಾರೆ. ಏಳು ತುಂಬುವ ಮೊದಲೇ ಅವನ ತಾಯಿ ತೀರಿಕೊಂಡಳು. ಮರುವರ್ಷ ಅಕ್ಕತಂಗಿಯರಲ್ಲಿ ಒಬ್ಬಳು ಹೋದಳು. 1787ರ ಡಿಸೆಂಬರಿನಲ್ಲಿ ಅವನಿಗೆ 13, ತಮ್ಮ ಯೋಹಾನ್ ಕ್ರಿಸ್ಟೋಫರ್‌ಗೆ 12. ಹೆಪ್ಪುಗಟ್ಟಿದ ನೀರಿನ ಮೇಲೆ ಇದ್ದಾಗ ಮಂಜುಗಡ್ಡೆ ಒಡೆಯಿತು. ತಮ್ಮ ಮುಳುಗಿದ. ನೀರಿಗೆ ಬಿದ್ದದ್ದು ಕಾಸ್ಪರ್, ಅವನನ್ನು ಉಳಿಸಲು ಹೋಗಿ ತಮ್ಮ ಸತ್ತ ಅಂತ ಹೇಳುತ್ತಾರೆ.

ಇದರ ಬಗ್ಗೆ ಜಾಸ್ತಿ ಬರೆಯಲು ನನಗೆ ಇಷ್ಟ ಇಲ್ಲ. ಒಬ್ಬ ಮನುಷ್ಯನ ಬದುಕಿನ ಎಲ್ಲ ಚಿತ್ರಗಳಿಗೂ ಒಂದೇ ಸಾವಿನ ಬೀಗದ ಕೈ ಹಾಕಿ ತಿರುಗಿಸೋದು ಸರಿಯಲ್ಲ. ಆದರೂ ಒಂದು ಮಾತು. ಆ ಹುಡುಗ ದೊಡ್ಡವನಾಗಿ, 37ರ ಆಸುಪಾಸಿನ ವಯಸ್ಸಿನಲ್ಲಿ, ಹಿಮದ ಮೇಲೆ ಒಬ್ಬನೇ ಇರುವ ಮನುಷ್ಯನಿಗಾಗಿ ಒಂದು ಶಿಲುಬೆಯನ್ನು ನೆಟ್ಟ. ಮರಗಳನ್ನು ಅದರ ಹಿಂದೆ ಗೋಡೆಯ ಹಾಗೆ ನಿಲ್ಲಿಸಿದ. ಬೆನ್ನಿಗೆ ಒಂದು ಬಂಡೆ ಇಟ್ಟ. ಯಾರೋ ಮಗುವನ್ನು ಮಲಗಿಸಿ ಸುತ್ತ ದಿಂಬು ಇಡುವ ಹಾಗೆ.

ಕಾಲು ಸರಿಯಾಗಿ ಎರಡು ವರ್ಷ ಕಳೆದ ಮೇಲೆ ನನಗೆ ಲಂಡನ್ನಿಗೆ ಹೋಗುವ ಅವಕಾಶ ಸಿಕ್ಕಿತು. ಬೇರೆ ಕೆಲಸಕ್ಕೆ ಹೋಗಿದ್ದು. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡೆ.

ಗ್ಯಾಲರಿಯ ದೊಡ್ಡ ದೊಡ್ಡ ಚಿತ್ರಗಳನ್ನು ದಾಟಿಕೊಂಡು ಹೋಗಿ ಇದರ ಮುಂದೆ ನಿಂತಾಗ ಮೊದಲು ಅನ್ನಿಸಿದ್ದು, ಇಷ್ಟು ಚಿಕ್ಕದಾ ಅಂತ. ಅಳತೆ ಓದಿದ್ದೆ. ಆದರೂ ಮೂರು ವಾರ ಅಷ್ಟು ದೊಡ್ಡ ಹಿಮವನ್ನು ಮಂಚದಿಂದ ನೋಡಿದ್ದ ಕಣ್ಣಿಗೆ ಅದು ಚಿಕ್ಕದಾಗಿ ಕಂಡಿತು. ಜನ ಬರುತ್ತಿದ್ದರು, ಒಂದು ಕ್ಷಣ ನಿಲ್ಲುತ್ತಿದ್ದರು, ಮುಂದೆ ಹೋಗುತ್ತಿದ್ದರು. ಅವರಲ್ಲಿ ಎಷ್ಟು ಜನರಿಗೆ ಬಂಡೆಯ ಹತ್ತಿರದ ಮನುಷ್ಯ ಕಂಡ ಅಂತ ಯೋಚಿಸುತ್ತಾ ನಿಂತೆ. ಕೂಗಿ ಹೇಳಬೇಕು ಅನ್ನಿಸಿತು, ನಿಜವಾಗಿ.

ಹತ್ತಿರ ಹೋದೆ. ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು.

ಪೋಸ್ಟ್‌ಕಾರ್ಡಿನಲ್ಲಿ ಇಲ್ಲದ ಎರಡು ಸಂಗತಿ ಅಲ್ಲಿ ಕಂಡವು. ಒಂದು, ಮಂಜು. ಕಾರ್ಡಿನಲ್ಲಿ ಅದು ಒಂದೇ ಬಣ್ಣದ ಹಿನ್ನೆಲೆ. ಅಲ್ಲಿ ಅದು ಗಾಳಿ. ಕುಂಚದ ತುದಿಯಿಂದ ಸಣ್ಣ ಸಣ್ಣ ಚುಕ್ಕೆಗಳನ್ನು ಒತ್ತೊತ್ತಾಗಿ ಇಟ್ಟು, ತೆಳುವಾದ ಪದರಗಳಲ್ಲಿ ಬರೆದಿದ್ದಾನೆ. ನೀಲಿಗಾಗಿ ಬಳಸಿದ್ದು ಸ್ಮಾಲ್ಟ್. ಕೋಬಾಲ್ಟ್ ಸೇರಿಸಿ ಕರಗಿಸಿದ ನೀಲಿ ಗಾಜನ್ನು ಪುಡಿ ಮಾಡಿ ತಯಾರಿಸುವ ಬಣ್ಣ ಅದು. ಗಾಜಿನ ಪುಡಿಯಾದ್ದರಿಂದ ಬೆಳಕು ಅದರ ಮೇಲೆ ಬಿದ್ದು ವಾಪಸ್ ಬರೋದಿಲ್ಲ, ಸ್ವಲ್ಪ ಒಳಗೆ ಹೋಗಿ ಬರುತ್ತದೆ. ಅದಕ್ಕೇ ಆ ಮಂಜಿಗೆ ಆಳ ಇದೆ. ಚರ್ಚು ಮಂಜಿನ ಹಿಂದೆ ಇಲ್ಲ, ಮಂಜಿನಿಂದಲೇ ಆಗಿದೆ ಅನ್ನುವ ಹಾಗೆ ಕಾಣುತ್ತದೆ. ಅದರ ಗೋಪುರಗಳ ಆಕಾರವೂ ಮುಂದಿರುವ ಫರ್ ಮರಗಳ ಆಕಾರವೂ ಒಂದೇ. ಮರವೇ ದೂರ ಹೋಗಿ ಚರ್ಚು ಆದಂತೆ.

ಎರಡು, ಹುಲ್ಲು. ಮುಂದಿನ ಹಿಮದಲ್ಲಿ ಅಲ್ಲಲ್ಲಿ ಹುಲ್ಲಿನ ಎಳೆಗಳು ಹಿಮ ಸೀಳಿಕೊಂಡು ಮೇಲೆ ಬಂದಿವೆ. ಕೂದಲಿನಷ್ಟು ಸಪೂರ. ನನ್ನ ಕಾರ್ಡಿನಲ್ಲಿ ಅವು ಮುದ್ರಣದ ಕೊಳೆಯ ಹಾಗೆ ಇದ್ದವು. ಊರುಗೋಲು ಬಿದ್ದಿರುವ ಅದೇ ಹಿಮದಲ್ಲಿ ಈ ಹುಲ್ಲು. ಇನ್ನೂ ಹಿಮ ಕರಗಿಲ್ಲ. ಆದರೆ ಹುಲ್ಲು ಅದನ್ನು ಕಾಯುತ್ತಾ ಕೂತಿಲ್ಲ.

ಸಾಮಾನ್ಯವಾಗಿ ಈ ಚಿತ್ರದ ಬಗ್ಗೆ ಹೇಳುವ ಅರ್ಥ ಹೀಗಿದೆ. ಕುಂಟ ಮನುಷ್ಯ ಶಿಲುಬೆಯ ಮುಂದೆ ಬಂದ. ನಂಬಿಕೆ ಅವನನ್ನು ಎತ್ತಿ ಹಿಡಿಯಿತು, ಊರುಗೋಲು ಬೇಡವಾಯಿತು. ಮಂಜಿನಲ್ಲಿ ಕಾಣುವ ಚರ್ಚು ಸಾವಿನ ಆಚೆ ಸಿಗುವ ಬದುಕಿನ ಭರವಸೆ. ಫ್ರೀಡ್ರಿಕ್ ಗಾಢವಾದ ನಂಬಿಕೆಯ ಮನುಷ್ಯ. ಅವನ ಮನಸ್ಸಿನಲ್ಲಿ ಇದ್ದದ್ದು ಅದೇ ಇರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ನಾನು ಅಲ್ಲಿ ನಿಂತಾಗ ನೋಡಿದ್ದು ಬೇರೆ. ಆ ಚರ್ಚು ತುಂಬಾ ದೂರ ಇದೆ. ಅವನಿಂದ ಅಲ್ಲಿಗೆ ಹೋಗುವ ಒಂದು ದಾರಿ ನನಗೆ ಕಾಣಲಿಲ್ಲ. ಅವನು ಹೊರಟದ್ದು ಬಹುಶಃ ಅಲ್ಲಿಗೇ. ಚಳಿಗಾಲದಲ್ಲಿ, ಎರಡು ಕೋಲು ಹಿಡಿದು, ಬೇರೆ ಎಲ್ಲಿಗೆ ಹೊರಟಾನು? ಅವನು ಅಲ್ಲಿಗೆ ತಲುಪಲಿಲ್ಲ. ಇಲ್ಲೇ ಕುಸಿದ. ಅವನು ಕುಸಿದ ಕಡೆ ಒಂದು ಶಿಲುಬೆ ಇತ್ತು. ತಲುಪಲಾಗದವನಿಗೆ ಇಷ್ಟು ಸಾಕು ಅಂತ ಯಾರೋ, ಯಾವಾಗಲೋ, ನೆಟ್ಟು ಹೋದ ಒಂದು ಶಿಲುಬೆ. ಅವನು ಚರ್ಚಿನ ಕಡೆ ನೋಡುತ್ತಿಲ್ಲ. ಹತ್ತಿರ ಇರೋದನ್ನು ನೋಡುತ್ತಿದ್ದಾನೆ.

ವಾಸಿಯಾಯಿತಾ, ಸಾಯುತ್ತಿದ್ದಾನಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಹೇಳುತ್ತಿಲ್ಲ. ಆದರೆ ಅವನ ಕೈಗಳನ್ನು ಅವತ್ತು ಸರಿಯಾಗಿ ನೋಡಿದೆ. ಊರುಗೋಲಿನ ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಕಾಲಲ್ಲ, ಕೈ. ಎರಡೂ ಕೈ ಯಾವಾಗಲೂ ಕೋಲಿಗೆ ಕಟ್ಟಿಬಿದ್ದಿರುತ್ತವೆ. ಒಂದು ಲೋಟ ನೀರನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ಯಲು ಆಗೋದಿಲ್ಲ. ಬಾಗಿಲಿಗೆ ಬಂದವರಿಗೆ ಕೈ ಮುಗಿಯಲು ಆಗೋದಿಲ್ಲ. ಅಳು ಬಂದರೆ ಕಣ್ಣು ಒರೆಸಿಕೊಳ್ಳಲು ಒಂದು ಕಡೆ ನಿಂತು, ಒರಗಿ, ಒಂದು ಕೋಲನ್ನು ಬಿಡಬೇಕು. ಆ ಮನುಷ್ಯ ಎಷ್ಟು ತಿಂಗಳು, ಎಷ್ಟು ವರ್ಷ ಹಾಗೆ ನಡೆದನೋ. ಇಲ್ಲಿ, ಈ ಬಂಡೆಯ ಹತ್ತಿರ, ಅವನ ಎರಡು ಕೈಯೂ ಖಾಲಿಯಾಗಿವೆ. ಅವನು ಕೈ ಜೋಡಿಸಿದ್ದಾನೆ. ಪ್ರಾರ್ಥನೆ ಏನು ಅಂತ ನನಗೆ ಗೊತ್ತಿಲ್ಲ. ಕೈ ಜೋಡಿಸಲು ಆಯಿತಲ್ಲ.

ಅಲ್ಲೇ ನಿಂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನು ನೋಡಿದರು, ಚಿತ್ರವನ್ನು ನೋಡಿದರು, ಏನೂ ಹೇಳದೆ ಸ್ವಲ್ಪ ಸರಿದು ಜಾಗ ಬಿಟ್ಟರು.

ಫ್ರೀಡ್ರಿಕ್‌ನ ಕೊನೆಯ ದಿನಗಳ ಬಗ್ಗೆ ಆಮೇಲೆ ಓದಿದೆ. 1835ರಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಈ ಚಿತ್ರ ಬರೆದು 24 ವರ್ಷ ಆಗಿತ್ತು. ಕೈಕಾಲು ಮೊದಲಿನ ಹಾಗೆ ಆಡಲಿಲ್ಲ. ಎಣ್ಣೆಬಣ್ಣದಲ್ಲಿ ದೊಡ್ಡ ಕೆಲಸ ಮಾಡೋದು ಹೆಚ್ಚುಕಮ್ಮಿ ನಿಂತೇಹೋಯಿತು. ಕಾಗದದ ಮೇಲೆ ಸೀಪಿಯಾ ಬಣ್ಣದಲ್ಲಿ, ನೀರಿನ ಬಣ್ಣದಲ್ಲಿ ಸಣ್ಣ ಚಿತ್ರಗಳನ್ನು ಬರೆದ. ಗೂಬೆ, ಸಮಾಧಿ, ದಡ. 1840ರ ಮೇ ತಿಂಗಳಲ್ಲಿ ಡ್ರೆಸ್ಡೆನ್‌ನಲ್ಲಿ ತೀರಿಕೊಂಡಾಗ ಅವನನ್ನು ಜನ ಬಹುಮಟ್ಟಿಗೆ ಮರೆತಿದ್ದರು. 1906ರಲ್ಲಿ ಬರ್ಲಿನ್‌ನಲ್ಲಿ ನಡೆದ ದೊಡ್ಡ ಪ್ರದರ್ಶನದ ನಂತರವೇ ಮತ್ತೆ ಅವನ ಹೆಸರು ಎದ್ದದ್ದು.

ಆ ಐದು ವರ್ಷ ಅವನು ಈ ಹಿಮದ ಮನುಷ್ಯನನ್ನು ನೆನೆಸಿಕೊಂಡಿರಬಹುದಾ? ಕೈ ನಡುಗುತ್ತಾ ಕಾಗದದ ಮುಂದೆ ಕೂತಾಗ?

ಅವನ ಗೆಳೆಯ ಕೆರ್ಸ್ಟಿಂಗ್ ಬರೆದ ಒಂದು ಚಿತ್ರ ಹ್ಯಾಂಬರ್ಗ್‌ನಲ್ಲಿದೆ. ಫ್ರೀಡ್ರಿಕ್ ತನ್ನ ಸ್ಟುಡಿಯೋದಲ್ಲಿ ಕೂತು ಚಿತ್ರ ಬರೆಯುತ್ತಿರುವುದು. ಅದೂ 1811ರದ್ದೇ. ಕೋಣೆ ಬೋಳು. ಒಂದು ಈಸೆಲ್, ಒಂದು ಕುರ್ಚಿ, ಒಂದು ಸಣ್ಣ ಮೇಜು, ಗೋಡೆಯ ಮೇಲೆ ಒಂದೆರಡು ಪ್ಯಾಲೆಟ್. ಕಿಟಕಿಯ ಕೆಳಭಾಗ ಮುಚ್ಚಿದೆ. ಬೆಳಕು ಮೇಲಿನಿಂದ ಮಾತ್ರ ಬರುತ್ತದೆ, ಹೊರಗಿನದು ಯಾವುದೂ ಕಾಣುವುದಿಲ್ಲ. ಇಂಥದ್ದೇ ಒಂದು ಕೋಣೆಯಲ್ಲಿ, ಅದೇ ವರ್ಷ, ಅವನು ನನ್ನ ಮನುಷ್ಯನನ್ನು ಬರೆದಿರಬೇಕು. ನನ್ನ ಮನುಷ್ಯ ಅಂದುಬಿಟ್ಟೆ. ಇರಲಿ, ತಿದ್ದುವುದಿಲ್ಲ.

ಊರುಗೋಲನ್ನು ನಾನು ಬಿಸಾಡಲಿಲ್ಲ. ಭಾರ ಬಿಡಬಹುದು ಅಂತ ಡಾಕ್ಟರು ಹೇಳಿದ ದಿನ ಎರಡರಲ್ಲಿ ಒಂದನ್ನು ಬಿಟ್ಟೆ. ಅದಾಗಿ ಹದಿನೆಂಟು ದಿನಕ್ಕೆ ಇನ್ನೊಂದನ್ನು. ಅವೆರಡೂ ಬಾಗಿಲ ಹಿಂದೆ ತುಂಬಾ ಕಾಲ ನಿಂತಿದ್ದವು. ಹಿಡಿಯ ರಬ್ಬರು ನನ್ನ ಅಂಗೈಯ ಆಕಾರಕ್ಕೆ ತಗ್ಗಾಗಿತ್ತು.

ಕಳೆದ ವರ್ಷ ಚಿಕ್ಕಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋಡಲು ಹೋದೆ. ಏನು ಒಯ್ಯಲಿ ಅಂತ ಯೋಚನೆಯಾಯಿತು. ಕೊನೆಗೆ ಆ ಪೋಸ್ಟ್‌ಕಾರ್ಡನ್ನೇ ತಗೊಂಡು ಹೋದೆ. ಮೂಲೆಗಳು ಮೆತ್ತಗಾಗಿದ್ದವು, ಒಂದು ಕಡೆ ಔಷಧಿಯ ಕಲೆ ಆಗಿತ್ತು. "ಇದೇನೋ ಚರ್ಚಿನ ಚಿತ್ರ" ಅಂದರು ಚಿಕ್ಕಮ್ಮ. ನಾನು ಏನೂ ಹೇಳಲಿಲ್ಲ. ಹೇಳಬೇಕು ಅನ್ನಿಸಿತ್ತು, ತಡೆದುಕೊಂಡೆ. ಅವರ ಮಂಚದಿಂದ ಕಾಣುವ ಹಾಗೆ ಕಿಟಕಿಯ ಪಕ್ಕ ಇಟ್ಟು ಬಂದೆ.

ಹನ್ನೊಂದು ದಿನ ಆದ ಮೇಲೆ, ರಾತ್ರಿ ಹತ್ತೂವರೆಗೆ ಫೋನ್ ಬಂತು. ಅಷ್ಟು ಹೊತ್ತಿಗೆ ಚಿಕ್ಕಮ್ಮ ಫೋನ್ ಮಾಡುವವರಲ್ಲ. ಹೆದರಿಕೊಂಡು ಎತ್ತಿದೆ.

"ಮಲಗಿದ್ದೆಯಾ?" ಅಂದರು.

"ಇಲ್ಲ ಚಿಕ್ಕಮ್ಮ, ಹೇಳಿ. ನೋವಾ?"

"ನೋವಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾರ್ಡನ್ನು ಕೈಯಲ್ಲಿ ಹಿಡಿದು ದೀಪದ ಕಡೆ ತಿರುಗಿಸುತ್ತಿರಬೇಕು ಅನ್ನಿಸಿತು. "ಅಲ್ಲಾ, ನೀನು ಕೊಟ್ಟೆಯಲ್ಲ ಆ ಚಿತ್ರ. ಅದರಲ್ಲಿ ಒಬ್ಬ ಕೂತಿದ್ದಾನೆ. ನೀನು ನೋಡಿದ್ದೀಯಾ?"